ಪವರ್ ವಿಂಡೋ ಗ್ಲಾಸ್ ಕೆಳಗಿಳಿದು ಮೇಲೆ ಬರ್ತಿಲ್ಲ, ಮನೆಯಲ್ಲೇ ರಿಪೇರಿ ಮಾಡಬಹುದಾ?

ಮಾಡಬಹುದು. ಸ್ವಿಚ್ ಒತ್ತಿದರೆ ಡೋರ್ ಒಳಗೆ ‘ಗರ್’ ಅಂತ ಸದ್ದು ಬರುತ್ತದೆ, ಗ್ಲಾಸ್ ಮಾತ್ರ ಅಲ್ಲಾಡಲ್ಲ ಅಂದಿದ್ದೀರಿ. ಹಾಗಾದರೆ ಫ್ಯೂಸ್, ಸ್ವಿಚ್ ಸರಿ ಇವೆ, ಮೋಟಾರ್‌ಗೆ ಕರೆಂಟ್ ಹೋಗ್ತಿದೆ. ಹೆಚ್ಚಾಗಿ ಗ್ಲಾಸ್ ಎತ್ತಿಳಿಸುವ ರೆಗ್ಯುಲೇಟರ್‌ನ ಕೇಬಲ್ ಕಿತ್ತಿರುತ್ತದೆ. ನಮ್ಮ ಕಾರಿನಲ್ಲೂ ಆಗಿದ್ದು ಇದೇ. ಕೇಬಲ್ ಎಳೆಎಳೆಯಾಗಿ ಬಿಚ್ಚಿ, ಮೋಟಾರ್ ತಿರುಗಿಸುವ ಡ್ರಮ್ಮಿಗೆ ಸುತ್ತಿಕೊಂಡಿತ್ತು. ಮೋಟಾರ್ ಸಮೇತ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳಿದರೆ ತಕ್ಷಣ ಹೂಂ ಅನ್ನಬೇಡಿ. ರೆಗ್ಯುಲೇಟರ್ ಮಾತ್ರ ಬಿಡಿಯಾಗಿ ಸಿಗುತ್ತದಾ ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ. ಕೆಲವು ಕಾರುಗಳಿಗೆ ಸಿಗುತ್ತದೆ.

(ಸದ್ದೇ ಬಾರದವರು ಮೊದಲು ಡ್ರೈವರ್ ಪಕ್ಕದ ವಿಂಡೋ ಲಾಕ್ ಬಟನ್ ಮತ್ತು ಫ್ಯೂಸ್ ನೋಡಿ. ಆಮೇಲೆ ಡೋರಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆ ಸರಿಸಿ ನೋಡಿ. ಡೋರ್ ತೆರೆದು ಮುಚ್ಚಿದಾಗಲೆಲ್ಲ ಬಾಗಿ ಬಾಗಿ ವೈರ್ ಅಲ್ಲೇ ತುಂಡಾಗುತ್ತದೆ.)

ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಕೈ ಡೋರ್ ಒಳಗಿದ್ದಾಗ ಯಾರಾದರೂ ಸ್ವಿಚ್ ಒತ್ತಿದರೆ ಬೆರಳಿಗೇ ಅಪಾಯ. ಹಿಡಿಯ ಹಿಂದೆ, ಆರ್ಮ್‌ರೆಸ್ಟ್ ಕೆಳಗೆ ಸಣ್ಣ ಮುಚ್ಚಳದಡಿ ಸ್ಕ್ರೂ ಅಡಗಿರುತ್ತವೆ. ಅವನ್ನು ತೆಗೆದು, ಡೋರಿನ ಒಳಬದಿಯ ಹೊದಿಕೆಯನ್ನು (ಪ್ಯಾಡ್) ಕೆಳಗಿನ ಅಂಚಿನಿಂದ ಎಬ್ಬಿಸಿ. ಕ್ಲಿಪ್‌ಗಳು ಟಕ್ ಟಕ್ ಅಂತ ಬಿಡುತ್ತವೆ. ಜೋರಾಗಿ ಎಳೆಯಬೇಡಿ, ಹಿಂದೆ ಸ್ವಿಚ್ಚಿನ ವೈರ್ ಇರುತ್ತದೆ.

ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ದಯವಿಟ್ಟು ಬ್ಲೇಡಿನಲ್ಲಿ ಕತ್ತರಿಸಬೇಡಿ. ಗ್ಲಾಸಿನ ಪಕ್ಕದಲ್ಲಿ ಮಳೆನೀರು ಡೋರ್ ಒಳಗೆ ಇಳಿಯೋದು ಸಹಜ, ಅದು ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ಕಾರಿನೊಳಗೆ ಬರದಂತೆ ತಡೆಯೋದು ಈ ಹಾಳೆಯೇ. ಹರಿದರೆ ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆ, ವಾಸನೆ ಬೇರೆ. ಕಪ್ಪು ಅಂಟಿಗೆ ಹೇರ್ ಡ್ರೈಯರ್ ಹಿಡಿದರೆ ಮೆತ್ತಗಾಗಿ ನಿಧಾನಕ್ಕೆ ಬಿಡುತ್ತದೆ. ಮತ್ತೆ ಅದೇ ಅಂಟಿಗೆ ಒತ್ತಿ ಕೂರಿಸಿ.

ಗ್ಲಾಸನ್ನು ಎರಡೂ ಅಂಗೈಯಲ್ಲಿ ಒತ್ತಿಹಿಡಿದು ಮೇಲೆತ್ತಿ, ಫ್ರೇಮಿನ ಮೇಲಿಂದ ಟೇಪ್ ಹಾಕಿ ಭದ್ರ ಮಾಡಿ. ನಂತರ ಗ್ಲಾಸ್ ಹಿಡಿದಿರುವ ಬೋಲ್ಟ್, ರೆಗ್ಯುಲೇಟರ್ ಬೋಲ್ಟ್ ಬಿಚ್ಚಿ. ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರ್ ಸಾಕು. ಬಿಚ್ಚೋ ಮೊದಲು ಫೋಟೋ ತೆಗೆದಿಡಿ.

ಹೊಸದು ಕೂರಿಸಿದ ಮೇಲೆ ರಬ್ಬರ್ ಚಾನೆಲ್‌ಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ, ಗ್ರೀಸ್ ಬೇಡ, ಧೂಳು ಹಿಡಿಯುತ್ತದೆ. ಪ್ಯಾಡ್ ಮುಚ್ಚೋ ಮೊದಲೇ ಬ್ಯಾಟರಿ ಜೋಡಿಸಿ ಗ್ಲಾಸ್ ಹತ್ತಿಳಿಸಿ ನೋಡಿ. ಒಂದೇ ಸಲ ಒತ್ತಿದರೆ ಪೂರ್ತಿ ಏರುವ ಆಟೋ ವಿಂಡೋ ಆಗಿದ್ದರೆ ಬ್ಯಾಟರಿ ಬಿಚ್ಚಿದ ಮೇಲೆ ಅದು ಕೆಲಸ ಮಾಡದಿರಬಹುದು. ಗಾಬರಿ ಬೇಡ. ಹಲವು ಕಾರುಗಳಲ್ಲಿ ಗ್ಲಾಸ್ ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಾಗೇ ಹಿಡಿದರೆ ಸರಿಹೋಗುತ್ತದೆ.