ಅಟ್ಟದ ಬಿಸಿಗಾಳಿ ಮನೆಗೆ ಬಂದರೆ ಲಾಭವೇ?

ಪ್ರಶ್ನೆ: ಮೇಡಂ, ನಾವು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಹಳೆಯ ಮರದ ಮನೆ ಕೊಂಡಿದ್ದೇವೆ. ತಗಡಿನ ಮಾಡು. ಚಳಿಗಾಲದ ಬೆಳಿಗ್ಗೆ ಕಿಟಕಿ ಗಾಜಿನ ತುಂಬ ನೀರು, ಬೀರುವಿನ ಹಿಂದೆ ಗೋಡೆಗೆಲ್ಲ ಬೂಷ್ಟು. ಅಟ್ಟದ ಬಿಸಿಗಾಳಿಯನ್ನು ಸೋಸಿ ಫ್ಯಾನಿನಿಂದ ಕೋಣೆಗಳಿಗೆ ತಳ್ಳುವ ಯಂತ್ರ ಹಾಕಿಸಿದರೆ ಹೀಟರ್ ಖರ್ಚೂ ಉಳಿಯುತ್ತದೆ ಅಂತಾರೆ. ಹಾಕಿಸಬಹುದಾ?
– ಓದುಗರು, ಹ್ಯಾಮಿಲ್ಟನ್

ಉತ್ತರ: ಗಾಜಿನ ಮೇಲಿನ ನೀರು ಕಡಿಮೆಯಾಗಲಿ ಅಂತಾದರೆ ಹಾಕಿಸಿ, ಪ್ರಯೋಜನ ಇದೆ. ಹೀಟರ್ ಖರ್ಚು ಉಳಿಯುತ್ತದೆ ಅಂತ ನಂಬಿ ಮಾತ್ರ ದುಡ್ಡು ಕೊಡಬೇಡಿ.

ಅಟ್ಟ ಬಿಸಿಯಾಗುವುದು ಬಿಸಿಲಿರುವ ಮಧ್ಯಾಹ್ನ. ಆಗ ನೀವು ಕೆಲಸದಲ್ಲಿರುತ್ತೀರಿ, ಮಕ್ಕಳು ಸ್ಕೂಲಿನಲ್ಲಿ. ನಿಮಗೆ ಬಿಸಿ ಬೇಕಾಗುವುದು ರಾತ್ರಿ, ಬೆಳಗಿನ ಜಾವ. ಮೋಡವಿಲ್ಲದ ರಾತ್ರಿ ತಗಡು ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಿಮ್ಮ ಕಾರಿನ ಗಾಜಿನ ಮೇಲೆ ಹಿಮ ಕೂರುವುದೂ ಹೀಗೆಯೇ.

ಲೆಕ್ಕ ಹಾಕೋಣ. ಫ್ಯಾನ್ ಗಂಟೆಗೆ 200 ಘನ ಮೀಟರ್ ಗಾಳಿ ತಳ್ಳುತ್ತದೆ ಅಂತಿಟ್ಟುಕೊಳ್ಳಿ. ಅಟ್ಟ ಕೋಣೆಗಿಂತ 5 ಡಿಗ್ರಿ ಬೆಚ್ಚಗಿದ್ದರೆ ಒಳಗೆ ಬರುವ ಶಾಖ ಸುಮಾರು 330 ವ್ಯಾಟ್. ಒಂದು ಸಾಧಾರಣ ರೂಂ ಹೀಟರ್ 2,000 ವ್ಯಾಟ್ ಕೊಡುತ್ತದೆ. ರಾತ್ರಿ ಅಟ್ಟವೇ 5 ಡಿಗ್ರಿ ತಣ್ಣಗಿದ್ದರೆ ಅದೇ 330 ವ್ಯಾಟ್ ನಿಮ್ಮ ಹೀಟರ್ ಮೇಲೆ ಹೊರೆ. ಹಾಗಾಗಿ ಅಟ್ಟಕ್ಕೊಂದು, ಕೋಣೆಗೊಂದು ಸೆನ್ಸರ್ ಇದ್ದು, ಅಟ್ಟ ತಣ್ಣಗಾದಾಗ ತಾನೇ ವೇಗ ಇಳಿಸುವ ಯಂತ್ರವನ್ನೇ ಕೇಳಿ. ಬೇಸಿಗೆಯಲ್ಲಿ ಬಿಸಿ ತಳ್ಳದಂತೆ ನಿಲ್ಲಿಸುವ ವ್ಯವಸ್ಥೆಯೂ ಇರಲಿ.

ಇನ್ನೊಂದು ವಿಷಯ. ಅಲ್ಲಿನ ಕಟ್ಟಡ ನಿಯಮದ ಪ್ರಕಾರ ಅಟ್ಟದ ಗಾಳಿ ಹೊರಗಿನ ತಾಜಾ ಗಾಳಿಯಲ್ಲ. ಅದು ಸರಿಯೂ ಹೌದು. ಲೈಟ್ ಕೂರಿಸಿದ ತೂತುಗಳಿಂದ ಮನೆಯ ಒದ್ದೆ ಗಾಳಿ ಮೇಲೇರಿ, ಯಂತ್ರದ ಮೂಲಕ ಮತ್ತೆ ಕೆಳಗೆ ಬರುತ್ತದೆ. ಮೇಲೆ ಧೂಳು, ಇಲಿ ಹಿಕ್ಕೆ ಬೇರೆ. ಫಿಲ್ಟರ್ ಬದಲಿಸುವುದನ್ನು ಮರೆಯುವ ಹಾಗೇ ಇಲ್ಲ.

ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಏಣಿ ಹಾಕಿ ಸೀಲಿಂಗಿನ ಮುಚ್ಚಳ ಎತ್ತಿ, ಟಾರ್ಚ್ ಬಿಟ್ಟು ನೋಡಿ. ಬಚ್ಚಲ ಫ್ಯಾನಿನ ಪೈಪು ಮಾಡಿನಿಂದಾಚೆ ಹೋಗಿದೆಯಾ, ಇಲ್ಲ ಅಟ್ಟದಲ್ಲೇ ಬಾಯಿ ಬಿಟ್ಟು ಬಿದ್ದಿದೆಯಾ? ಎಷ್ಟೋ ಹಳೆಯ ಮನೆಗಳಲ್ಲಿ ಸುಮ್ನೆ ಬಿದ್ದಿರುತ್ತದೆ. ಆಗ ಸ್ನಾನದ ಹಬೆಯನ್ನೇ ಮಲಗುವ ಕೋಣೆಗೆ ತಳ್ಳಿದಂತಾಗುತ್ತದೆ. ಅದನ್ನು ಮೊದಲು ಹೊರಗೆ ಬಿಡಿಸಿ. ಅಲ್ಲಿ ಬಾಡಿಗೆಗೆ ಕೊಡುವ ಮನೆಗಳಲ್ಲಿ ಅಡುಗೆಮನೆ, ಬಚ್ಚಲಿಗೆ ಹೊರಗೆ ಗಾಳಿ ಬಿಡುವ ಫ್ಯಾನ್ ಕಡ್ಡಾಯ. ಸ್ವಂತ ಮನೆಗೂ ಅದೇ ಅಳತೆ ಇಟ್ಟುಕೊಳ್ಳಿ.

ಮನೆಯಲ್ಲಿ ಸಿಲಿಂಡರ್ ಕೂರಿಸಿದ ಗ್ಯಾಸ್ ಹೀಟರ್ ಇದ್ದರೆ ದಯವಿಟ್ಟು ತೆಗೆದುಬಿಡಿ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಮನೆಯಲ್ಲೇ ಉಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಭಯವೂ ಇದೆ, ಮಕ್ಕಳಿರುವ ಮನೆ ಅಲ್ವಾ. ಒಗೆದ ಬಟ್ಟೆಯನ್ನು ಕೋಣೆಯಲ್ಲಿ ಹರವಬೇಡಿ. ಅನ್ನ, ಸಾರು ಕುದಿಯುವಾಗ ಚಿಮಣಿ ಹಾಕಿಡಿ.

ಒಂದು ಥರ್ಮಾಮೀಟರ್ ತಂದು ಅಟ್ಟದಲ್ಲಿಡಿ. ಒಂದು ವಾರ ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಎರಡಕ್ಕೂ ನೋಡಿ ಬರೆದಿಟ್ಟು, ಆ ಚೀಟಿಯನ್ನು ಮಾರುವವರ ಮುಂದಿಟ್ಟು ಮಾತಾಡಿ.