ಆಯಿಲ್ ಡ್ರಾಪ್ ಪ್ರಯೋಗದಲ್ಲಿ ನಿಧಾನದ ಹನಿಗಳಿಂದ ಎಲೆಕ್ಟ್ರಾನಿನ ಚಾರ್ಜ್ 2.0 ಬರ್ತಿದೆ, ವೇಗದ ಹನಿಗಳನ್ನಷ್ಟೇ ಇಟ್ಟುಕೊಂಡು 1.6 ತೋರಿಸಲಾ? ಇಲ್ಲಾ ಸಿಮ್ಯುಲೇಶನ್ ರೀಡಿಂಗ್ ಬರೆಯಲಾ?

ದಯವಿಟ್ಟು ಬೇಡ. ನಾನು ಅದನ್ನೇ ಮಾಡಿದ್ದೆ. (ಎಣ್ಣೆಯ ಸಣ್ಣ ಹನಿ ತಾನಾಗಿ ಇಳಿಯುವ, ವೋಲ್ಟೇಜ್ ಕೊಟ್ಟಾಗ ಏರುವ ಸಮಯ ಅಳೆದು ಎಲೆಕ್ಟ್ರಾನಿನ ಚಾರ್ಜ್ ತಿಳಿಯುವ ಪ್ರಯೋಗ ಇದು. ಇಲ್ಲಿನ ಚಾರ್ಜ್ ಎಲ್ಲವನ್ನೂ 10⁻¹⁹ ಕೂಲಂಬ್ ಲೆಕ್ಕದಲ್ಲಿ ಓದಿಕೊಳ್ಳಿ.)

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಮಂಡ್ಯದಿಂದ ದಿನಾ ರೈಲಿನಲ್ಲಿ ಓಡಾಡುತ್ತಿದ್ದೆ. ಪ್ರಾಕ್ಟಿಕಲ್ ಮುಗಿಸಿ ಸಂಜೆ ರೈಲು ಹಿಡಿಯುವ ಆತುರ. ಅರ್ಧ ಮಿಲಿಮೀಟರ್ ಇಳಿಯಲು 15 ಸೆಕೆಂಡ್ ತೆಗೆದುಕೊಳ್ಳುವ ಹನಿಗೆ ಕಾಯುವ ತಾಳ್ಮೆ ಇರಲಿಲ್ಲ. 2 ಸೆಕೆಂಡಿಗೆ ಇಳಿಯುವ, ಚೆನ್ನಾಗಿ ಹೊಳೆಯುವ ದಪ್ಪ ಹನಿಗಳನ್ನೇ ಹಿಡಿದೆ. ಬೇಗ ಬೇಗ 20 ಹನಿ ಮುಗೀತು.

ತಪ್ಪಾಗಿದ್ದು ಇಲ್ಲೇ. ದಪ್ಪ ಹನಿಯನ್ನು 500 ವೋಲ್ಟ್‌ನಲ್ಲಿ ಮೇಲೆತ್ತಬೇಕಾದರೆ ಅದರಲ್ಲಿ ಹತ್ತಕ್ಕಿಂತ ಜಾಸ್ತಿ ಎಲೆಕ್ಟ್ರಾನಿನಷ್ಟು ಚಾರ್ಜ್ ಇರಲೇಬೇಕು. ಒಂದು ಹನಿಗೆ 23.1 ಬಂತು. ಎಷ್ಟು ಎಲೆಕ್ಟ್ರಾನ್ ಅಂತ ತಿಳಿಯಲು ಅದನ್ನು 1.6ರಿಂದ ಭಾಗಿಸಿದೆ, 14.4 ಆಯ್ತು. 14 ಅಂತ ಇಟ್ಟುಕೊಂಡೆ. ಆಮೇಲೆ 23.1ನ್ನು 14ರಿಂದ ಭಾಗಿಸಿದೆ, 1.65! ಎಲ್ಲ ಹನಿಗಳಿಗೂ ಹೀಗೇ ಮಾಡಿದೆ. ಸರಾಸರಿ 1.61 ಬಂತು. ರೆಕಾರ್ಡಿನಲ್ಲಿ ಅದಕ್ಕೆ ಚೌಕ ಹಾಕಿ, ಕೆಳಗೆ ಎರಡು ಗೆರೆ ಎಳೆದೆ.

ವೈವಾದಲ್ಲಿ ಬಂದಿದ್ದ ಎಕ್ಸ್‌ಟರ್ನಲ್ ಸರ್ ಏನೂ ಬೈಯಲಿಲ್ಲ. ಪೆನ್ಸಿಲ್ ತೆಗೆದು ನನ್ನ 23.1ನ್ನು ಹೊಡೆದು, ಮನಸ್ಸಿಗೆ ಬಂದಂತೆ 24.5 ಅಂತ ಬರೆದರು. "ಈಗ ಮಾಡಮ್ಮ" ಅಂದರು. ಮಾಡಿದೆ. 15.3, ಅಂದರೆ 15. ಉತ್ತರ 1.63. "ನಾನು ಸುಮ್ನೆ ಬರೆದ ಸಂಖ್ಯೆಗೂ 1.63 ಬಂತಲ್ಲ, ಹಾಗಾದ್ರೆ ನೀನು ಅಳೆದಿದ್ದೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವೇ ಲೆಕ್ಕ ಹಾಕಿ ನೋಡಿ. 15ರ ಆಸುಪಾಸಿನ ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತಂದರೆ ಆಗುವ ವ್ಯತ್ಯಾಸ ಹೆಚ್ಚೆಂದರೆ ಅರ್ಧ. ಅಂದರೆ ಶೇ. 3 ಚಿಲ್ಲರೆ. ಬಸ್ ಟಿಕೆಟ್ಟಿನ ನಂಬರ್ ಹಾಕಿದರೂ 1.6ರ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಉತ್ತರವನ್ನು ಮೊದಲೇ ಒಳಗೆ ಹಾಕಿ, ಅದನ್ನೇ ಹೊರಗೆ ತೆಗೆದಿದ್ದೆ. ಅರ್ಧದಷ್ಟು ಅಂಕ ಹೋಯ್ತು. ಅದಕ್ಕಿಂತ, ಪ್ರಯೋಗವನ್ನೇ ಮಾಡಿಲ್ಲ ಅನ್ನೋದು ಜಾಸ್ತಿ ನೋವು ಕೊಟ್ಟಿತು.

ಮುಂದಿನ ಶನಿವಾರ ನಮ್ಮ ಮೇಡಂ ಹತ್ತಿರ ಕೇಳಿಕೊಂಡು ಮತ್ತೆ ಕೂತೆ. ಕಪ್ಪು ಪರದೆ ಎಳೆದು, ಎಣ್ಣೆ ಚಿಮ್ಮಿಸಿ, ಮಂಕಾದ ಒಂದೇ ಒಂದು ಹನಿ ಹಿಡಿದೆ. ಇಳಿಯಲು 15 ಸೆಕೆಂಡ್. ವೋಲ್ಟೇಜ್ ಕೊಟ್ಟರೆ ಅಷ್ಟೇ ದೂರ ಏರಲು 5 ಸೆಕೆಂಡ್. ಮತ್ತೆ 5, ಮತ್ತೆ 5. ಪಕ್ಕದ ಲಿವರ್ ತಿರುಗಿಸಿದೆ. ಒಳಗಿನ ಥೋರಿಯಂ ಎಂಬ ವಿಕಿರಣಶೀಲ ಲೋಹ ಗಾಳಿಯನ್ನು ಅಯಾನೀಕರಿಸುತ್ತದೆ, ಹನಿಯ ಚಾರ್ಜ್ ಬದಲಾಗುತ್ತದೆ. ಈಗ 3 ಸೆಕೆಂಡ್. ಇನ್ನೊಮ್ಮೆ ತಿರುಗಿಸಿದಾಗ 14! ನಡುವೆ 8 ಇಲ್ಲ, 10 ಇಲ್ಲ. ಒಂದು ಎಲೆಕ್ಟ್ರಾನಿನಷ್ಟು ಚಾರ್ಜ್ ಬಂದಿದ್ದು, ಆಮೇಲೆ ಎರಡರಷ್ಟು ಹೋಗಿದ್ದು ಸ್ಟಾಪ್‌ವಾಚಿನಲ್ಲಿ ಕಾಣುತ್ತಿತ್ತು. ಆ ದಿನ ಎರಡು ರೈಲು ಬಿಟ್ಟೆ.

ಹಾಗಾಗಿ "1.6 ಹೇಗೆ ತರೋದು" ಅನ್ನುವ ಪ್ರಶ್ನೆಯೇ ಸರಿ ಇಲ್ಲ ಅಂತೀನಿ. ಆ ಬೆಲೆಯನ್ನು 2019ರಲ್ಲಿ 1.602176634 ಅಂತ ನಿಗದಿ ಮಾಡಿ ಆಗಿದೆ. ನೀವು ನೋಡಬೇಕಾದ್ದು ಮೆಟ್ಟಿಲುಗಳನ್ನು, ಅಂದರೆ ಚಾರ್ಜ್ ಹೀಗೆ ಪೂರ್ತಿ ಎಲೆಕ್ಟ್ರಾನಿನ ಲೆಕ್ಕದಲ್ಲೇ ಜಿಗಿಯುವುದನ್ನು. ಸಿಮ್ಯುಲೇಶನ್ ರೀಡಿಂಗ್ ಬರೆಯಲಾ ಅಂತಲೂ ಕೇಳಿದ್ದೀರಿ. ಅದರಲ್ಲಿ 1.6 ಮೊದಲೇ ತುಂಬಿರುತ್ತದೆ, ಅದೂ ನನ್ನ ತಪ್ಪೇ.

ನಿಮ್ಮ ನಿಧಾನದ ಹನಿಗಳ 2.0 ನೋಡಿದರೆ ರೀಡಿಂಗ್ ಚೆನ್ನಾಗೇ ಇದೆ ಅನ್ನಿಸುತ್ತದೆ. ಸ್ಟೋಕ್ಸ್ ನಿಯಮಕ್ಕೆ (ಹನಿಗೆ ಗಾಳಿ ಒಡ್ಡುವ ತಡೆಯ ಸೂತ್ರ) ಸಣ್ಣ ಹನಿಗಳಲ್ಲಿ ಹಾಕಬೇಕಾದ ಕನ್ನಿಂಗ್‌ಹ್ಯಾಮ್ ತಿದ್ದುಪಡಿ ಹಾಕಿಲ್ಲ, ಅಲ್ವಾ? ಅರ್ಧ ಮೈಕ್ರಾನ್ ತ್ರಿಜ್ಯದ ಹನಿಗೆ, ಗಾಳಿಯ ಅಣು ಒಂದು ಡಿಕ್ಕಿಯಿಂದ ಮುಂದಿನ ಡಿಕ್ಕಿಯವರೆಗೆ ಸಾಗುವ ದೂರ ತೀರಾ ಚಿಕ್ಕದೇನಲ್ಲ, ಸ್ಟೋಕ್ಸ್ ನಿಯಮ ಹಾಗೇ ಹಾಕಿದರೆ ಚಾರ್ಜ್ ಕಾಲು ಭಾಗ ಜಾಸ್ತಿ ಬರುತ್ತದೆ. 1.6ಕ್ಕೆ ಕಾಲು ಭಾಗ ಸೇರಿಸಿ, 2.0 ಆಯ್ತು. ಈ ಪ್ರಯೋಗಕ್ಕೆ ಹೆಸರಾದ ವಿಜ್ಞಾನಿ ಮಿಲಿಕನ್‌ಗೂ ಗಾಳಿಯೇ ಕಾಟ ಕೊಟ್ಟಿತ್ತು. 1913ರಲ್ಲಿ ಅವರಿಗೆ ಬಂದ ಬೆಲೆ 1.592. ಅವರು ಲೆಕ್ಕಕ್ಕೆ ಬಳಸಿದ ಗಾಳಿಯ ಸ್ನಿಗ್ಧತೆಯ (ಹರಿವಿಗೆ ಒಡ್ಡುವ ತಡೆಯ) ಬೆಲೆ ಸ್ವಲ್ಪ ಕಡಿಮೆ ಇತ್ತು.

ತಿದ್ದುಪಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ 76 ಸೆಂ.ಮೀ. ಪಾದರಸ ಅಂತ ಹಾಕಬೇಡಿ. ನೀವೂ ಮೈಸೂರಿನಲ್ಲೇ ಇದ್ದೀರಿ. ನಮ್ಮೂರು ಸಮುದ್ರಮಟ್ಟದಿಂದ 750 ಮೀಟರಿಗಿಂತ ಎತ್ತರದಲ್ಲಿದೆ. ಲ್ಯಾಬಿನಲ್ಲಿ ಗಾಳಿಯ ಒತ್ತಡ ಅಳೆಯುವ ಫಾರ್ಟಿನ್ ಬ್ಯಾರೋಮೀಟರ್ ನೋಡಿ, 70ರ ಹತ್ತಿರ ಇರುತ್ತದೆ. ಅಷ್ಟಕ್ಕೇ ಶೇ. 2ರಷ್ಟು ಬದಲಾಗುತ್ತದೆ. ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.