ಗರಸು ದಾರಿಗೆ ಯಾವ ಬ್ಲೇಡು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಖ್ಯ ರಸ್ತೆಯಿಂದ ನಮ್ಮ ತೋಟದ ಮನೆಯವರೆಗೆ ಸುಮಾರು 400 ಅಡಿ ಉದ್ದ, 10 ಅಡಿ ಅಗಲದ ಗರಸು ದಾರಿ ಇದೆ. ಅಲ್ಲಲ್ಲಿ ತಗ್ಗು ಬಿದ್ದಿವೆ. ರಸ್ತೆಗೆ ಸೇರುವ ಕಡೆ ಅಲೆಅಲೆಯಾಗಿ ಎದ್ದು ಬೈಕಿನಲ್ಲಿ ಹೋಗುವುದೇ ಕಷ್ಟವಾಗಿದೆ. ಪ್ರತಿ ಬೇಸಿಗೆಯಲ್ಲಿ ಜೆಸಿಬಿ ಕರೆಸಿ ಎಳೆಸುತ್ತೇವೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಮೊದಲಿನಂತೆಯೇ ಆಗುತ್ತದೆ. ನಮ್ಮಲ್ಲಿ 45 ಎಚ್‌ಪಿ ಟ್ರ್ಯಾಕ್ಟರ್, ಒಂಬತ್ತು ಹಲ್ಲಿನ ಕಲ್ಟಿವೇಟರ್ ಮತ್ತು ರೋಟಾವೇಟರ್ ಇವೆ. ಗದ್ದೆ ಮಟ್ಟ ಮಾಡುವ ಲೇಸರ್ ಲೆವೆಲರನ್ನೇ ಬಾಡಿಗೆಗೆ ತಂದರೆ ಸಾಕೆಂದು ನಮ್ಮ ಮಾವನವರು ಹೇಳುತ್ತಾರೆ. ಅಂಗಡಿಯವರು ಟೆರೇಸರ್ ಬ್ಲೇಡ್ ಕೊಳ್ಳಿ ಎನ್ನುತ್ತಾರೆ, ವೆಲ್ಡಿಂಗ್ ವರ್ಕ್‌ಶಾಪಿನವರು ಬಾಕ್ಸ್ ಬ್ಲೇಡ್ ಮಾಡಿಕೊಡುತ್ತೇವೆ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಮಾವನವರ ಸಲಹೆಯನ್ನು ಗೌರವದಿಂದಲೇ ಬದಿಗಿಡಬೇಕಾಗುತ್ತದೆ. ಲೇಸರ್ ಲೆವೆಲರ್ ಇರುವುದು ಗದ್ದೆಯಲ್ಲಿ ನೀರು ಎಲ್ಲೆಡೆ ಒಂದೇ ಆಳಕ್ಕೆ ನಿಲ್ಲುವಂತೆ ಮಾಡುವುದಕ್ಕೆ; ದಾರಿಗೆ ಬೇಕಾದದ್ದು ನೀರು ಎಲ್ಲಿಯೂ ನಿಲ್ಲದೆ ಎರಡೂ ಬದಿಗೆ ಇಳಿದುಹೋಗುವ ಆಕಾರ. ಅದರ ಬಕೆಟ್ಟು ಉಳುಮೆಯಿಂದ ಸಡಿಲಗೊಂಡ ಒಣ ಮಣ್ಣನ್ನು ಸಾಗಿಸಲು ಮಾಡಿದ್ದೇ ಹೊರತು, ಗಾಲಿ ತುಳಿದು ಗಟ್ಟಿಯಾದ ಗರಸನ್ನು ಕೀಳುವುದಕ್ಕಲ್ಲ. ರೋಟಾವೇಟರನ್ನಂತೂ ಗರಸಿನ ಮೇಲೆ ಇಳಿಸಲೇಬೇಡಿರಿ. ಅದರ ಬ್ಲೇಡುಗಳು ಮುರಿಯುತ್ತವೆ, ಕಲ್ಲು ಸಿಡಿದರೆ ಹಿಂದೆ ನಿಂತವರಿಗೆ ಪೆಟ್ಟಾಗುತ್ತದೆ.

ಜೆಸಿಬಿಯಿಂದ ಎಳೆಸಿದ ದಾರಿ ಒಂದೇ ಮಳೆಗಾಲಕ್ಕೆ ಕೆಡಲು ಕಾರಣವಿದೆ. ಬಕೆಟ್ಟಿನಿಂದ ಉಬ್ಬನ್ನು ಕೆರೆದು ತಗ್ಗಿಗೆ ತುಂಬಿದಾಗ ತಗ್ಗಿನ ತಳ ಮೊದಲಿನಂತೆಯೇ ಗಟ್ಟಿಯಾಗಿ ಉಳಿಯುತ್ತದೆ. ಮೇಲೆ ಬಿದ್ದ ಸಡಿಲ ಗರಸು ಅದರೊಂದಿಗೆ ಬೆಸೆದುಕೊಳ್ಳುವುದಿಲ್ಲ. ಮಳೆ ಬಂದಾಗ ನೀರು ಆ ಬಟ್ಟಲಿನಲ್ಲೇ ನಿಂತು, ಗಾಲಿ ಬಿದ್ದಾಗಲೆಲ್ಲ ತುಂಬಿದ್ದು ರಾಡಿಯಾಗಿ ಹೊರಗೆ ಚಿಮ್ಮುತ್ತದೆ. ಅಲೆಗಳ ಸ್ಥಿತಿಯೂ ಇದೇ. ಒಣಗಿ ಸಡಿಲವಾದ ಗರಸಿನ ಮೇಲೆ ವಾಹನಗಳು ಬ್ರೇಕ್ ಹಾಕುವ ಮತ್ತು ವೇಗ ಏರಿಸುವ ಜಾಗದಲ್ಲಿ ಅಲೆ ಹೆಚ್ಚಾಗಿ ಏಳುತ್ತದೆ, ಆದ್ದರಿಂದಲೇ ಅದು ನಿಮ್ಮಲ್ಲಿ ರಸ್ತೆ ಸೇರುವ ಕಡೆ ಕಾಣಿಸಿಕೊಂಡಿದೆ. ಅಲೆಯ ತಲೆಯನ್ನಷ್ಟೇ ಸವರಿದರೆ ಅದು ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಹೀಗಾಗಿ ಯಾವ ಉಪಕರಣ ಕೊಂಡರೂ ಅದು ತಗ್ಗಿನ ತಳದವರೆಗೆ ಗರಸನ್ನು ಸಡಿಲಿಸಬೇಕು, ಮತ್ತು ದಾರಿಯ ನಡುವನ್ನು ಅಂಚಿಗಿಂತ ಎತ್ತರ ಮಾಡಬೇಕು. ಮೇಲ್ಮೈಯನ್ನು ನುಣುಪು ಮಾಡುವುದು ಇವೆರಡರ ನಂತರದ ಮಾತು.

ಸಡಿಲಿಸುವ ಉಪಕರಣ ನಿಮ್ಮಲ್ಲಿ ಆಗಲೇ ಇದೆ. ಹದ ಮಳೆಯಾದ ಮರುದಿನ ಕಲ್ಟಿವೇಟರನ್ನು ಮೂರು–ನಾಲ್ಕು ಇಂಚಿಗಷ್ಟೇ ಇಳಿಸಿ ಎಳೆದರೆ ಹಳೆಯ ಗರಸು ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ಇರುವ ಕಲ್ಟಿವೇಟರಾದರೆ ದೊಡ್ಡ ಕಲ್ಲು ಅಡ್ಡ ಬಂದಾಗ ಹಲ್ಲು ಹಿಂದಕ್ಕೆ ಸರಿದು ಉಳಿದುಕೊಳ್ಳುತ್ತದೆ. ಬಿಗಿ ಹಲ್ಲಿನದಾದರೆ ನಿಧಾನವಾಗಿ ಹೋಗುವುದು ಲೇಸು. ಒಣ ಬೇಸಿಗೆಯಲ್ಲಿ ಈ ಕೆಲಸ ಬೇಡ. ಒಣಗಿದ ಗರಸು ಹೆಂಟೆಹೆಂಟೆಯಾಗಿ ಏಳುತ್ತದೆ, ಎದ್ದದ್ದು ಮತ್ತೆ ಕೂರುವುದಿಲ್ಲ, ಅದರೊಳಗಿನ ಅಂಟು ಮಣ್ಣು ಧೂಳಾಗಿ ಹಾರಿಹೋಗುತ್ತದೆ. ನಮ್ಮ ಭಾಗದಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರಿನ ಸುಮಾರಿಗೆ. ಅದಕ್ಕೆ ಮುಂಚೆ, ಜೂನ್ ತಿಂಗಳ ಮೊದಲ ಮಳೆಗಳ ತೇವದಲ್ಲೇ ಇದನ್ನು ಮುಗಿಸಿಕೊಳ್ಳಿರಿ.

ಇನ್ನು ಬ್ಲೇಡಿನ ಆಯ್ಕೆ. ಬಾಕ್ಸ್ ಬ್ಲೇಡ್ ಎಂದರೆ ಎರಡೂ ಬದಿಗೆ ಗೋಡೆಯಿದ್ದು, ಮುಂದೆ ನೆಲ ಕೀಳುವ ರಿಪ್ಪರ್ ಹಲ್ಲುಗಳಿರುವ ಪೆಟ್ಟಿಗೆ. ಕಿತ್ತ ಗರಸನ್ನು ಚೆಲ್ಲದೆ ಹೊತ್ತೊಯ್ದು ಬೇರೆಡೆ ಸುರಿಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಬದಿಯ ಗೋಡೆಗಳಿರುವುದರಿಂದಲೇ ಅದು ಅಂಚಿನ ಗರಸನ್ನು ನಡುವಿಗೆ ಸರಿಸಲಾರದು. ಟೆರೇಸರ್ ಬ್ಲೇಡ್ ಎಂದರೆ ಬದಿಗೆ ಗೋಡೆಯಿಲ್ಲದೆ ಟ್ರ್ಯಾಕ್ಟರಿನ ಹಿಂದೆ ಅಡ್ಡವಾಗಿ ಕೂರುವ ಒಂದೇ ಬ್ಲೇಡು; ಅದನ್ನು ಓರೆಯಾಗಿ ತಿರುಗಿಸಬಹುದು. ಓರೆಯಾದ ಬ್ಲೇಡಿನ ಮುಂದೆ ಗರಸು ಉರುಳುತ್ತ ಹಿಂದಿನ ತುದಿಯಿಂದ ಹೊರಬಿದ್ದು ಸಾಲುಗಟ್ಟುತ್ತದೆ. ನಿಮ್ಮ ದಾರಿಯ ಗರಸು ವರ್ಷಗಟ್ಟಲೆ ಗಾಲಿಯ ಹೊಡೆತಕ್ಕೆ ಅಂಚಿಗೆ ಸರಿದು ಹುಲ್ಲಿನಡಿ ಸೇರಿಕೊಂಡಿರುತ್ತದೆಯಾದ್ದರಿಂದ, ಅದನ್ನು ನಡುವಿಗೆ ಮರಳಿ ತರುವ ಈ ಬ್ಲೇಡೇ ನಿಮಗೆ ಸರಿ ಎಂಬುದು ನನ್ನ ಅಭಿಪ್ರಾಯ. ಎರಡು ಉದ್ದ ಜಾರುಪಟ್ಟಿಗಳ ನಡುವೆ ಎರಡು ಬ್ಲೇಡು ಕೂರಿಸಿದ ಲ್ಯಾಂಡ್ ಪ್ಲೇನ್ ಎಂಬುದೂ ಇದೆ. ಆಕಾರ ಸರಿಯಿರುವ ದಾರಿಯನ್ನು ಕಾಪಾಡಿಕೊಳ್ಳಲು ಅದು ಬಹಳ ಸುಲಭದ ಸಾಧನ, ಕೆಟ್ಟ ದಾರಿಗೆ ಹೊಸದಾಗಿ ಆಕಾರ ಕೊಡಲು ಮಾತ್ರ ಅಷ್ಟು ಒದಗದು.

ಅಗಲದ ವಿಷಯದಲ್ಲಿ ಅಂಗಡಿಯಲ್ಲಿ ಸಾಮಾನ್ಯವಾಗಿ ತಪ್ಪು ಲೆಕ್ಕ ನಡೆಯುತ್ತದೆ. ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದಾಗ 6 ಅಡಿಯ ಬ್ಲೇಡು ಆವರಿಸುವುದು 5 ಅಡಿ 2 ಇಂಚನ್ನು ಮಾತ್ರ. 7 ಅಡಿಯದು 6 ಅಡಿಗೆ ಬರುತ್ತದೆ. ನಿಮ್ಮ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ಅಳೆಯಿರಿ. ಓರೆ ಮಾಡಿದ ಮೇಲೂ ಬ್ಲೇಡು ಅಷ್ಟನ್ನು ಆವರಿಸದಿದ್ದರೆ ಗರಸಿನ ಸಾಲಿನ ಮೇಲೆ ನಿಮ್ಮದೇ ಗಾಲಿ ಓಡುತ್ತದೆ. ಆದ್ದರಿಂದ 7 ಅಡಿಯದನ್ನೇ ಕೇಳಿರಿ. ಹಗುರವಾದ ಬ್ಲೇಡು ಗಟ್ಟಿ ನೆಲದ ಮೇಲೆ ಜಾರುತ್ತದೆ ಅಷ್ಟೇ. ನಿಮ್ಮ ಟ್ರ್ಯಾಕ್ಟರಿನ ಲಿಫ್ಟಿಗೆ ಭಾರ ಒಂದು ಸಮಸ್ಯೆಯಲ್ಲವಾದ್ದರಿಂದ ಭಾರವಾದದ್ದನ್ನು ಆರಿಸಬಹುದು. ಕೊರೆಯುವ ಅಂಚುಪಟ್ಟಿ ಬೋಲ್ಟಿನಿಂದ ಕೂರಿಸಿದ್ದಾಗಿದ್ದು, ಸವೆದಾಗ ತಿರುಗಿಸಿ ಹಾಕುವಂತಿರಬೇಕು. ಉಪಕರಣವನ್ನು ಟ್ರ್ಯಾಕ್ಟರಿಗೆ ಜೋಡಿಸುವ ಕೆಳತೋಳಿನ ಪಿನ್ನಿನ ಗಾತ್ರವನ್ನೂ ನೋಡಿರಿ: ಒಂದನೇ ವರ್ಗದ್ದು (ಕೆಟಗರಿ 1) ಸುಮಾರು 22 ಮಿ.ಮೀ., ಎರಡನೇ ವರ್ಗದ್ದು 28 ಮಿ.ಮೀ. ಇರುತ್ತದೆ. ಸಣ್ಣ ಪಿನ್ನನ್ನು ದೊಡ್ಡ ಕಣ್ಣಿಗೆ ಬುಶ್ ಇಲ್ಲದೆ ಹಾಕಿದರೆ ಬ್ಲೇಡು ಅಲುಗಾಡುತ್ತಲೇ ಇರುತ್ತದೆ.

ಬಳಸುವ ಕ್ರಮ ಹೀಗಿದೆ. ಬ್ಲೇಡಿನ ಬಲತುದಿ ಮುಂದಾಗುವಂತೆ ಓರೆ ಮಾಡಿ, ಬಲ ಕೆಳತೋಳನ್ನು ಹಿಡಿದಿರುವ ಲಿಫ್ಟ್ ರಾಡಿನ ಹ್ಯಾಂಡಲ್ ತಿರುಗಿಸಿ ಬಲತುದಿಯನ್ನು ತಗ್ಗಿಸಿರಿ. ಬಲಗಾಲಿ ದಾರಿಯ ಅಂಚಿನ ಮೇಲೆ ಇರುವಂತೆ ಹೋಗಿರಿ, ತಿರುಗಿ ಬರುವಾಗಲೂ ಬಲಗಾಲಿಯನ್ನೇ ಆಚೆಯ ಅಂಚಿನ ಮೇಲೆ ಇಡಿರಿ. ಆಗ ಜೋಡಣೆಯನ್ನು ಬದಲಿಸದೆಯೇ ಎರಡೂ ಅಂಚಿನ ಗರಸು ನಡುವಿಗೆ ಸೇರುತ್ತದೆ. ನಡುವಿನ ಸಾಲನ್ನು ಕೊನೆಗೆ ಬ್ಲೇಡು ನೇರ ಮಾಡಿ, ಎರಡು ಇಂಚು ಎತ್ತಿ, ಹಗುರವಾಗಿ ಹರಡಿದರೆ ಸಾಕು. ನಡುವಿನಿಂದ ಅಂಚಿಗೆ ಅಡಿಗೆ ಅರ್ಧ ಇಂಚಿನಷ್ಟು ಇಳಿಜಾರು ಇರಲಿ; ನಿಮ್ಮ 10 ಅಡಿಯ ದಾರಿಯಲ್ಲಿ ನಡು ಭಾಗ ಅಂಚಿಗಿಂತ ಎರಡೂವರೆ ಇಂಚು ಎತ್ತರ ಬರುತ್ತದೆ. ಲಿಫ್ಟನ್ನು, ಬ್ಲೇಡನ್ನು ಇಟ್ಟ ಎತ್ತರದಲ್ಲೇ ಹಿಡಿದಿಡುವ ಪೊಸಿಷನ್ ಲಿವರಿನಲ್ಲೇ ನಡೆಸಿರಿ. ಡ್ರಾಫ್ಟ್ ಲಿವರಿನಲ್ಲಿಟ್ಟರೆ ಭಾರ ಬಂದಾಗಲೆಲ್ಲ ಬ್ಲೇಡು ತಾನಾಗಿ ಎದ್ದಿಳಿದು ಹೊಸ ಅಲೆಗಳನ್ನು ಮಾಡುತ್ತದೆ. ವೇಗ ಮನುಷ್ಯ ನಡೆಯುವಷ್ಟೇ ಇರಬೇಕು. ನಂತರ ರೋಲರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ತುಂಬಿದ ಟ್ರಾಲಿಯನ್ನು ಪ್ರತಿ ಸಲ ಸ್ವಲ್ಪ ಸ್ವಲ್ಪ ಸರಿಸಿ ಇಡೀ ಅಗಲಕ್ಕೂ ಓಡಿಸಿರಿ. ವರ್ಷಕ್ಕೆ ಒಂದೆರಡು ದಿನದ ಕೆಲಸಕ್ಕಾಗಿ ಬ್ಲೇಡು ಕೊಳ್ಳುವುದು ಹೊರೆ ಎನಿಸಿದರೆ, ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯೇ ಎಂದು ಮೊದಲು ವಿಚಾರಿಸಿರಿ.

ಪ್ರಶ್ನೆ: ನಮ್ಮ ದಾರಿ ಭತ್ತದ ಗದ್ದೆಗಳ ನಡುವೆ ಎರೆ ಮಣ್ಣಿನಲ್ಲಿ 600 ಅಡಿ ಹೋಗುತ್ತದೆ. ಪ್ರತಿ ವರ್ಷ ಗರಸು ಹಾಕಿಸುತ್ತೇವೆ, ಪ್ರತಿ ವರ್ಷ ಅದು ಮಾಯವಾಗುತ್ತದೆ. ಟೆರೇಸರ್ ಬ್ಲೇಡ್ ಕೊಂಡಿದ್ದೇವೆ, ಪ್ರಯೋಜನವಾಗಿಲ್ಲ. ಬೇರೆ ಯಾವ ಉಪಕರಣ ಬೇಕು?
– ಓದುಗರೊಬ್ಬರು, ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ಬೇರೆ ಉಪಕರಣ ಬೇಡ. ನಿಮ್ಮ ತೊಂದರೆ ಮೇಲ್ಮೈಯಲ್ಲಿಲ್ಲ, ಕೆಳಗಿದೆ. ಎರೆ ಮಣ್ಣಿನ ಜೇಡಿ ನೀರು ಕುಡಿದು ಊದಿಕೊಂಡು ಬಲ ಕಳೆದುಕೊಳ್ಳುತ್ತದೆ. ಗಾಲಿಯ ಭಾರಕ್ಕೆ ಗರಸಿನ ಕಲ್ಲು ಕೆಳಗಿಳಿಯುತ್ತದೆ, ಕಲ್ಲಿನ ಸಂದಿನಿಂದ ಎರೆ ಮೇಲೇಳುತ್ತದೆ. ಎರಡೂ ಬದಿಯ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿರುವಾಗ ಇದು ಮಳೆ ಇಲ್ಲದೆಯೂ ನಡೆಯುತ್ತದೆ. ಅಂಥ ದಾರಿಯನ್ನು ಬ್ಲೇಡಿನಿಂದ ಎಳೆದಷ್ಟೂ ಎರೆಯನ್ನು ಗರಸಿಗೆ ಬೆರೆಸಿದಂತಾಗುತ್ತದೆ.

ಕಾಲುವೆಗೆ ನೀರು ನಿಲ್ಲಿಸಿದ ಬೇಸಿಗೆಯಲ್ಲಿ ಕೆಲಸ ಹಿಡಿಯಿರಿ. ಬ್ಲೇಡನ್ನು ಪೂರ್ತಿ ವಾಲಿಸಿ ಎರಡೂ ಬದಿಗೆ ಕಾಲುವೆ ತೆಗೆಯಿರಿ. ಅದರಿಂದ ಬಂದ ಎರೆಯನ್ನು ದಾರಿಯನ್ನು ಎತ್ತರಿಸುವುದಕ್ಕೆ ಬಳಸಬಹುದು, ಆದರೆ ಗರಸಿನ ಮೇಲೆ ಮಾತ್ರ ಬೀಳಬಾರದು. ದಾರಿ ಗದ್ದೆಯ ನೀರಿನ ಮಟ್ಟಕ್ಕಿಂತ ಒಂದು ಅಡಿಯಾದರೂ ಮೇಲಿರಬೇಕು. ಗದ್ದೆಯಿಂದ ಗದ್ದೆಗೆ ನೀರು ದಾಟುವ ಕಡೆ ಸಿಮೆಂಟ್ ಪೈಪು ಹೂಳಿಸಿರಿ. ಎತ್ತರಿಸಿದ ಎರೆಯ ಮೇಲಿನ ಆರು ಇಂಚಿಗೆ ತೂಕದ ಶೇ. 3ರಿಂದ 5ರಷ್ಟು ಸುಣ್ಣದ ಪುಡಿ ಬೆರೆಸಿ, ನೀರು ಚಿಮುಕಿಸಿ ಗಟ್ಟಿ ಮಾಡಿದರೆ ಅದರ ಊದುವ ಗುಣ ಬಹಳಷ್ಟು ತಗ್ಗುತ್ತದೆ. ಗರಸಿನ ಮೇಲೆ ಬೇಡವೆಂದು ಕಾರಟಗಿಯ ಓದುಗರಿಗೆ ಹೇಳಿದ ರೋಟಾವೇಟರ್ ಸುಣ್ಣ ಬೆರೆಸುವ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥದ್ದು. 10 ಅಡಿ ಅಗಲಕ್ಕೆ ನಿಮಗೆ 5 ಟನ್ನಿಗೆ ಹತ್ತಿರ ಸುಣ್ಣ ಬೇಕಾಗುತ್ತದೆ. ಬೆರೆಸುವವರು ಕಣ್ಣು ಮತ್ತು ಮೂಗನ್ನು ಮುಚ್ಚಿಕೊಳ್ಳಲೇಬೇಕು. ಅಷ್ಟು ಖರ್ಚು ಬೇಡವೆಂದರೆ ಎರೆಯ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ ಗರಸನ್ನು ಅದರ ಮೇಲೆ ಹರಡಬಹುದು. ಕಲ್ಲು ಮತ್ತು ಎರೆ ಆಗ ಬೇರೆ ಬೇರೆಯಾಗಿಯೇ ಉಳಿಯುತ್ತವೆ.

ಗರಸು ಕೂತ ಮೇಲೆ ಆರು ಇಂಚು ಉಳಿಯಬೇಕೆಂದರೆ 3,000 ಘನ ಅಡಿ, ಅಂದರೆ 30 ಬ್ರಾಸ್ ಆಗುತ್ತದೆ. ಸಡಿಲ ಗರಸು ಕುಗ್ಗುವುದರಿಂದ 38ರಿಂದ 40 ಬ್ರಾಸ್ ತರಿಸಿರಿ. ಅದನ್ನು ಎರಡು ಪದರವಾಗಿ ಹಾಕಿ ಪ್ರತಿ ಪದರವನ್ನೂ ನೀರು ಹಾಕಿ ಗಟ್ಟಿ ಮಾಡಬೇಕು. ಅನುಮತಿ ಇರುವ ಕ್ವಾರಿಯಿಂದಲೇ ತರಿಸಿ ರಸೀದಿ ಇಟ್ಟುಕೊಳ್ಳಿರಿ. ಇಷ್ಟೆಲ್ಲ ಮಾಡಿದ ಮೇಲೆ ಗದ್ದೆಯಿಂದ ಬರುವ ಟ್ರ್ಯಾಕ್ಟರು ಕೆಸರಿಗೆಂದು ಹಾಕಿದ ಕಬ್ಬಿಣದ ಕೇಜ್ ವ್ಹೀಲ್ ಬಿಚ್ಚದೆ ದಾರಿಗೆ ಹತ್ತಿದರೆ ಒಂದೇ ನಾಟಿಯ ಹಂಗಾಮಿನಲ್ಲಿ ಎಲ್ಲವೂ ಕಿತ್ತುಹೋಗುತ್ತದೆ. ಅಕ್ಕಪಕ್ಕದ ಗದ್ದೆಯವರೊಂದಿಗೆ ಇದನ್ನು ಮೊದಲೇ ಮಾತಾಡಿಕೊಂಡಿರಿ.

ಪ್ರಶ್ನೆ: ನಮ್ಮ ಮನೆ ದಿಬ್ಬದ ಮೇಲಿದೆ. ಏರು ದಾರಿಗೆ 40 ಮಿ.ಮೀ. ಜಲ್ಲಿ ಹಾಕಿಸಿದೆವು, ಅದು ಗಾಲಿಗೆ ಸಿಕ್ಕಿ ಕೆಳಗೆ ಜಾರುತ್ತದೆ. ನಮ್ಮದು 24 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್. 7 ಅಡಿಯ ಬ್ಲೇಡು ಎಳೆಯಬಲ್ಲದೇ?
– ಓದುಗರೊಬ್ಬರು, ಲಿಂಗಸುಗೂರು, ರಾಯಚೂರು ಜಿಲ್ಲೆ

ಉತ್ತರ: ಎಳೆಯಲಾರದು, ಅದು ನಿಮಗೆ ಬೇಕಾಗಿಯೂ ಇಲ್ಲ. ಇಳಿಜಾರಿನಲ್ಲಿ ಗರಸು ವರ್ಷವರ್ಷವೂ ಕೆಳಗೆ ಬಂದು ಸೇರುತ್ತದೆ. ಅದನ್ನು ಮೇಲಕ್ಕೆ ಹೊತ್ತೊಯ್ಯಬೇಕಾದ್ದರಿಂದ ಮೊದಲ ಪ್ರಶ್ನೆಗೆ ನಾನು ಬೇಡವೆಂದ ಬಾಕ್ಸ್ ಬ್ಲೇಡೇ ನಿಮಗೆ ಹೊಂದುತ್ತದೆ. ಐದು ಅಡಿಗಿಂತ ಅಗಲ ಬೇಡ. ಟ್ರ್ಯಾಕ್ಟರಿಗೂ ಪೆಟ್ಟಿಗೆಗೂ ನಡುವಿನ ಮೇಲ್ತೋಳನ್ನು (ಟಾಪ್ ಲಿಂಕ್) ಗಿಡ್ಡ ಮಾಡಿದರೆ ಪೆಟ್ಟಿಗೆ ಮುಂದಕ್ಕೆ ವಾಲಿ ಹಲ್ಲು ಆಳಕ್ಕೆ ಇಳಿಯುತ್ತದೆ, ಉದ್ದ ಮಾಡಿದರೆ ಹಿಂದಿನ ಅಂಚು ನೆಲಕ್ಕೆ ಕೂತು ಗರಸನ್ನು ಹರಡುತ್ತದೆ. ಏರುವಾಗ ಮುಂದಿನ ಗಾಲಿ ಹಗುರವಾಗುವುದರಿಂದ ಮುಂದೆ ಕಬ್ಬಿಣದ ತೂಕಗಳನ್ನು ಹಾಕಿಕೊಳ್ಳಿರಿ, ಪೆಟ್ಟಿಗೆಯನ್ನು ಅರ್ಧವಷ್ಟೇ ತುಂಬಿರಿ. ಇಳಿಯುವಾಗ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಮಾಡಲೇಬಾರದು. ಪೆಟ್ಟಿಗೆಯನ್ನು ನೆಲಕ್ಕಿಟ್ಟು ಹಿಂದಕ್ಕೆ ಜೋರಾಗಿ ನೂಕಿದರೆ ಕೆಳತೋಳುಗಳು ಬಾಗುತ್ತವೆ.

ಆದರೆ ಈಗಿರುವ ಜಲ್ಲಿಯನ್ನು ಯಾವ ಬ್ಲೇಡೂ ನಿಲ್ಲಿಸಲಾರದು. ಒಂದೇ ಗಾತ್ರದ, ಪುಡಿಯಿಲ್ಲದ ಜಲ್ಲಿಯ ಕಲ್ಲುಗಳು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಅಂಟು ಮಣ್ಣಿರುವ ಗರಸನ್ನೂ ಕ್ರಷರ್ ಪುಡಿಯನ್ನೂ ಮೇಲೆ ಹಾಕಿ, ಬಾಕ್ಸಿನ ಹಲ್ಲುಗಳಿಂದ ಜಲ್ಲಿಯೊಂದಿಗೆ ಬೆರೆಸಿ, ನೀರು ಹಾಕಿ ತುಳಿಸಿರಿ. ಹಿಡಿಯಷ್ಟು ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ಕಟ್ಟಬೇಕು, ಕೈಗೆ ನೀರು ಜಿನುಗಬಾರದು. ತುಳಿಸಲು ಅದೇ ಹದ. ಬಳಿಕ ದಾರಿಗೆ ಓರೆಯಾಗಿ, ಮಳೆ ನೀರನ್ನು ಬದಿಗೆ ತಿರುಗಿಸುವಂತೆ ನಾಲ್ಕಾರು ಇಂಚು ಎತ್ತರದ ಅಗಲವಾದ ಒಡ್ಡುಗಳನ್ನು ಅಲ್ಲಲ್ಲಿ ಹಾಕಿರಿ. ಮೇಲಿನ ಒಡ್ಡನ್ನು ಮನೆಯಂಗಳದ ನೀರು ದಾರಿಗೆ ಇಳಿಯುವ ಜಾಗದಲ್ಲೇ ಹಾಕಿದರೆ ಕೆಳಗಿನವುಗಳಿಗೆ ಬರುವ ನೀರು ಕಡಿಮೆಯಾಗುತ್ತದೆ.